ನೀರಿನ ಜಮೀನು ನೀರಿಗೆ

ನಾಲ್ಕು ಮಳೆಗಾಲದ ಕೆಳಗೆ ನಾನೊಂದು ಅರ್ಜಿ ಬರೆದೆ. ಮೇಷ್ಟರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದವನಿಗೆ ಬೀದಿಯ ಜನ ಮೊದಲು ಹಚ್ಚುವ ಕೆಲಸವೇ ಇದು. "ನಿಮ್ಮ ಅಕ್ಷರ ಗುಂಡಾಗಿದೆ ಮೇಷ್ಟ್ರೇ, ನೀವೇ ಬರೆಯಿರಿ" ಎನ್ನುತ್ತಾರೆ. ಮಾವಳ್ಳಿಯಲ್ಲಿ ನಾನಿರುವ ಬೀದಿಯ ತುದಿಗೆ ತೆರೆದ ಮೋರಿಯೊಂದಿತ್ತು. ಅದರ ವಾಸನೆ, ಸೊಳ್ಳೆ, ಒಮ್ಮೆ ಕರುವೊಂದು ಅದರೊಳಗೆ ಬಿದ್ದದ್ದು, ಎಲ್ಲವನ್ನೂ ವಿವರವಾಗಿ ಬರೆದು, ಆದಕಾರಣ ಮೋರಿಯ ಮೇಲೆ ಚಪ್ಪಡಿ ಹಾಸಿಕೊಡಬೇಕೆಂದು ಕೇಳಿದೆ. ಎಪ್ಪತ್ತು ಚಿಲ್ಲರೆ ಸಹಿಗಳಾದವು. ಬಿಸಿಲು, ಮಳೆ ಎನ್ನದೆ ಕಛೇರಿಗೆ ಅಲೆದೆವು. ಕೊನೆಗೆ ಚಪ್ಪಡಿ ಬಿತ್ತು. ನನಗೆ ಹಾರವೂ ಬಿತ್ತು. ಚಪ್ಪಡಿಯ ಮೇಲೆ ಎರಡು ತರಕಾರಿ ಗಾಡಿ, ಒಂದು ಪಂಕ್ಚರ್ ಅಂಗಡಿ, ಹತ್ತಾರು ಸ್ಕೂಟರುಗಳು ಬಂದು ನಿಂತವು.

ಮರುವರ್ಷದ ಮಳೆಗೆ ನಮ್ಮ ಬೀದಿಗೆ ಏನೂ ಆಗಲಿಲ್ಲ. ನಮ್ಮ ಬೀದಿ ಎತ್ತರದಲ್ಲಿದೆ. ಕೆಳಗಿನ ಸಾಲಿನ ಮನೆಗಳಿಗೆ ಮಾತ್ರ ನಡುರಾತ್ರಿ ನೀರು ನುಗ್ಗಿತು. ಚಪ್ಪಡಿಯ ಕೆಳಗೆ ಹೂಳು ಕಟ್ಟಿಕೊಂಡಿದ್ದನ್ನು ಯಾರೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ, ಮುಚ್ಚಿಬಿಟ್ಟಿದ್ದೆವಲ್ಲ. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳೊಬ್ಬಳು ಸಾಲ ಮಾಡಿ ತಂದಿದ್ದ ಹೊಲಿಗೆಯಂತ್ರದ ಮೋಟಾರು ಸುಟ್ಟುಹೋಯಿತು. ಇನ್ನೊಂದು ಮನೆಯಲ್ಲಿ ಅಕ್ಕಿಮೂಟೆ ನೆಂದು ಮೊಳಕೆಯ ವಾಸನೆ ಬರುತ್ತಿತ್ತು. ಅವರ ಯಾರ ಸಹಿಯೂ ನನ್ನ ಅರ್ಜಿಯಲ್ಲಿರಲಿಲ್ಲ. ಅವರನ್ನು ನಾನು ಕೇಳಿಯೂ ಇರಲಿಲ್ಲ.

ಈ ಲೇಖನವನ್ನು ಬರೆಯುವುದಕ್ಕೆ ಕಾರಣ ಅದೇ. ಮೋರಿ ಮುಚ್ಚಿಸಿ, ಗೋಡೆ ಎತ್ತರಿಸಿ ಎಂದು ಇಂದಿಗೂ ನಮ್ಮ ಅಂಗಡಿಕಾರ ಬಂಧುಗಳು, ಕಾರ್ಮಿಕ ಬಂಧುಗಳು ಎಲ್ಲ ಸಭೆಗಳಲ್ಲೂ ಕೇಳುತ್ತಾರೆ. ನಾನು ಈಗ ಅದಕ್ಕೆ ವಿರುದ್ಧವಾಗಿ ಮಾತನಾಡುತ್ತಿದ್ದೇನೆ. ಇದು ನಮ್ಮವರಿಗೇ ಹಿತವಾಗುವ ಮಾತಲ್ಲವೆಂದು ಬಲ್ಲೆ. ಆದರೂ ಪೂರ್ತಿ ಓದಿ, ಆಮೇಲೆ ಬೈಯಿರಿ.

೨೦೧೬ರ ಜುಲೈ ಕೊನೆಯ ವಾರದಲ್ಲಿ ಬೆಂಗಳೂರಿನ ದಕ್ಷಿಣಕ್ಕಿರುವ ಕೋಡಿಚಿಕ್ಕನಹಳ್ಳಿಯಲ್ಲಿ ಒಂದು ವಿಚಿತ್ರ ನಡೆಯಿತು. ಒಂದು ರಾತ್ರಿಯ ಮಳೆಗೆ ಬಡಾವಣೆಯ ಬೀದಿಗಳು ತುಂಬಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಅದೇ ಬೀದಿಗಳಲ್ಲಿ ಜನ ಬಲೆ ಹಾಕಿ, ಕೈಯಲ್ಲೂ ಬಾಚಿ, ದೊಡ್ಡ ದೊಡ್ಡ ಮೀನು ಹಿಡಿದರು. ಪತ್ರಿಕೆಗಳು ಅದನ್ನು ತಮಾಷೆಯ ಚಿತ್ರವಾಗಿ ಅಚ್ಚುಹಾಕಿದವು. ನಾನೂ ನೋಡಿ ನಕ್ಕೆ. ಈಗ ನಗು ಬರುವುದಿಲ್ಲ. ಆ ಊರಿನ ಹೆಸರಿನಲ್ಲೇ ಕೋಡಿ ಇದೆ. ಕೆರೆ ತುಂಬಿ ಹರಿಯುವ ದಾರಿಗೆ ಕೋಡಿಯೆಂದು ಹೆಸರು. ಆ ಹೆಸರನ್ನು ಉಳಿಸಿಕೊಂಡು ದಾರಿಯನ್ನು ನಿವೇಶನ ಮಾಡಿ ಮಾರಿದ್ದೇವೆ. ಮೀನು ದಾರಿ ತಪ್ಪಿ ಬೀದಿಗೆ ಬರಲಿಲ್ಲ. ಅದು ತನ್ನ ಹಳೆಯ ದಾರಿಯಲ್ಲೇ ಬಂತು, ನಾವು ಅಲ್ಲಿ ಮನೆ ಕಟ್ಟಿಕೊಂಡು ಕುಳಿತಿದ್ದೆವು.

ಈ ಪತ್ರಿಕೆ ಅಚ್ಚಾಗುವ ಜಿಲ್ಲಾ ಊರಿನ ಓದುಗರು, ಬೆಂಗಳೂರಿನ ಮೋರಿಯ ಕಥೆ ನಮಗೇತಕ್ಕೆಂದು ಕೇಳಬಹುದು. ನಿಮ್ಮ ಊರಿನ ಬಸ್ ನಿಲ್ದಾಣ ಮೊದಲು ಏನಾಗಿತ್ತೆಂದು ಹಿರಿಯರನ್ನು ಒಮ್ಮೆ ವಿಚಾರಿಸಿ ನೋಡಿ. ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಮಾವಳ್ಳಿಯ ಪಕ್ಕದಲ್ಲೇ ಲಾಲ್‌ಬಾಗು. ಹೈದರಾಲಿ ೧೭೬೦ರಲ್ಲಿ ಆರಂಭಿಸಿದ ತೋಟ. ಅದರೊಳಗಿನ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಆ ಬಂಡೆಯ ಮೇಲೆ ಹತ್ತಿಸಿ ನಿಲ್ಲಿಸಿ ನೀರಿನ ಪಾಠ ಹೇಳುತ್ತಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ, ಎತ್ತಿನ ಬೆನ್ನಿನಂಥ ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿಗೆ ಹೊರಗಿನಿಂದ ಯಾವ ಹೊಳೆಯೂ ಬರುವುದಿಲ್ಲ. ಹೊಳೆಗಳು ಇಲ್ಲಿಂದಲೇ ಹುಟ್ಟಿ ಹೋಗುತ್ತವೆ. ಪಶ್ಚಿಮಕ್ಕೆ ಬಿದ್ದ ಹನಿ ಬಸವನಗುಡಿ, ಗವಿಪುರದ ಇಳಿಜಾರಿನಲ್ಲಿ ಕೆಂಪಾಂಬುಧಿಯನ್ನು ಸೇರಿ, ವೃಷಭಾವತಿಯಾಗಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಬಸವನ ಪಾದದಲ್ಲಿ ಹುಟ್ಟಿದ್ದರಿಂದ ವೃಷಭಾವತಿ ಎಂದು ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಮಲ್ಲೇಶ್ವರದವರು ಕಾಡುಮಲ್ಲೇಶ್ವರನ ಹತ್ತಿರವೇ ಹುಟ್ಟಿತೆನ್ನುತ್ತಾರೆ. ಆ ಜಗಳ ಅವರಿಗಿರಲಿ. ಪೂರ್ವಕ್ಕೆ ಬಿದ್ದ ಹನಿ ಶಾಂತಿನಗರ, ವಿಲ್ಸನ್ ಗಾರ್ಡನ್, ಕೋರಮಂಗಲದ ತಗ್ಗಿನಲ್ಲಿ ಹರಿದು, ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬಿ, ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಹೋಗುತ್ತದೆ.

ನದಿಯಿಲ್ಲದ ಊರಿಗೆ ನೆರೆಯ ಬಯಲು ಎಲ್ಲಿಂದ ಬಂತು ಎಂದು ಕೇಳಬೇಡಿ. ನಮ್ಮ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದರು. ಏರಿಯ ಹಿಂದೆ ಕೆರೆ, ಮುಂದೆ ಗದ್ದೆ. ಕೆರೆ ತುಂಬಿದರೆ ಕೋಡಿ ಬಿದ್ದು, ಗದ್ದೆಬಯಲಿನ ಮೇಲೆ ಹರಡಿ, ನಿಧಾನವಾಗಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಲು, ಇಳಿಸಲು ನೀರುಗಂಟಿಯಿದ್ದ. ವರ್ಷಕ್ಕೆ ಎರಡು ದಿನ ಗದ್ದೆ ಮುಳುಗಿದರೆ ಯಾರೂ ಅದನ್ನು ಪ್ರವಾಹ ಎನ್ನುತ್ತಿರಲಿಲ್ಲ. ಮೆಕ್ಕಲುಮಣ್ಣು ಬಂತೆಂದು ಸಂತೋಷಪಡುತ್ತಿದ್ದರು. ಅಚ್ಚುಕಟ್ಟೇ ನಮ್ಮ ನೆರೆಬಯಲು. ಅದಕ್ಕೆ ಬೇರೆ ಹೆಸರು ಇಟ್ಟು ಕಾಪಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅದು ಅನ್ನ ಕೊಡುತ್ತಿತ್ತು.

ಆಮೇಲೆ ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ, ೧೯೩೦ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, ೧೯೭೪ರಲ್ಲಿ ಕಾವೇರಿಯಿಂದ ಕೊಳಾಯಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ಕೋರಮಂಗಲದ ಕೆರೆಯ ಜಾಗದಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮನೆಗಳನ್ನು ಕಟ್ಟಿದರು. ಈ ಪಟ್ಟಿಯಲ್ಲಿ ಒಬ್ಬ ಬಡವನ ಗುಡಿಸಲೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಊರಿನ ದೊಡ್ಡ ಒತ್ತುವರಿದಾರ ಸರ್ಕಾರವೇ.

ಭಾರತದ ಲೆಕ್ಕಪರಿಶೋಧಕರು ೨೦೨೧ರಲ್ಲಿ ಈ ಊರಿನ ಮಳೆನೀರ ಕಾಲುವೆಗಳ ಬಗ್ಗೆ ವರದಿ ಕೊಟ್ಟರು. ೧೮೦೦ರ ಸುಮಾರಿಗೆ ೧,೪೫೨ ಜಲಾಶಯಗಳು, ಅವುಗಳಲ್ಲಿ ೩೫ ಟಿಎಂಸಿ ನೀರು ನಿಲ್ಲುವಷ್ಟು ಜಾಗ. ೨೦೧೬ಕ್ಕೆ ಉಳಿದದ್ದು ೧೯೪, ನಿಲ್ಲುವ ನೀರು ೫ ಟಿಎಂಸಿ. ಕೋರಮಂಗಲ ಕಣಿವೆಯ ಕಾಲುವೆಗಳು ೧೯೦೦ರ ಸುಮಾರಿಗಿದ್ದ ಉದ್ದದಲ್ಲಿ ಅರ್ಧಕ್ಕೆ ಸ್ವಲ್ಪ ಹೆಚ್ಚು ಉಳಿದಿದ್ದರೆ, ವೃಷಭಾವತಿ ಕಣಿವೆಯವು ಅರ್ಧದಷ್ಟಾಗಿವೆ. ಇದು ವಿರೋಧಪಕ್ಷದವರ ಭಾಷಣವಲ್ಲ, ಸರ್ಕಾರದ್ದೇ ಲೆಕ್ಕ.

ಮಿಕ್ಕ ಕಾಲುವೆಗಳಿಗೆ ಏನು ಮಾಡಿದರು? ಎರಡೂ ಕಡೆ ಕಾಂಕ್ರೀಟ್ ಗೋಡೆ, ಕೆಳಗೂ ಕಾಂಕ್ರೀಟ್. ಇದನ್ನೇ ಅಭಿವೃದ್ಧಿಯೆಂದು ಕರೆದರು. ಹುಲ್ಲು, ಮಣ್ಣು, ತಿರುವು ಇರುವ ಹಳ್ಳದಲ್ಲಿ ನೀರು ಎಡವುತ್ತ, ಇಂಗುತ್ತ, ನಿಂತು ನಿಂತು ಹೋಗುತ್ತದೆ. ನಯವಾದ ಕಾಂಕ್ರೀಟಿನಲ್ಲಿ ಜಾರುಬಂಡೆಯ ಮೇಲಿನ ಹುಡುಗನಂತೆ ಓಡುತ್ತದೆ. ಮೇಲಿನವರ ನೀರು ಬೇಗ ಹೋಯಿತು, ಸರಿ. ಎಲ್ಲ ಬೀದಿಗಳ ನೀರೂ ಒಂದೇ ಗಳಿಗೆಯಲ್ಲಿ ತಗ್ಗಿನವನ ಹೊಸ್ತಿಲಿಗೆ ಬಂದು ನಿಂತಿತು. ೨೦೧೭ರ ಆಗಸ್ಟ್ ೧೫ರ ನಸುಕಿನ ಮಳೆಗೆ ಶಾಂತಿನಗರ, ವಿಲ್ಸನ್ ಗಾರ್ಡನ್, ಕೋರಮಂಗಲಗಳು ಮುಳುಗಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಕುರುಬರಹಳ್ಳಿಯಲ್ಲಿ ಕಾಲುವೆ ಉಕ್ಕಿ ಜನರನ್ನೇ ಕೊಚ್ಚಿಕೊಂಡು ಹೋಯಿತು. ೨೦೨೨ರ ಸೆಪ್ಟೆಂಬರ್ ೪ರ ರಾತ್ರಿ ೧೩೧.೬ ಮಿಲಿಮೀಟರ್ ಮಳೆ ಬಿದ್ದು, ಬೆಳ್ಳಂದೂರಿನ ಕಡೆಯ ಕಂಪ್ಯೂಟರ್ ಕಂಪನಿಯ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆಗ ಮಾತ್ರ ಇಡೀ ದೇಶಕ್ಕೆ ಸುದ್ದಿಯಾಯಿತು. ಕೋಟಿ ಬೆಲೆಯ ಮನೆಯೊಳಗೆ ನೀರು ಹೋಗುವವರೆಗೆ ಅದು ಪ್ರವಾಹವಲ್ಲ, ಬರೀ ಕೊಳೆಗೇರಿಯ ತೊಂದರೆ.

ಮೇಷ್ಟರ ಹಳೆಯ ಚಾಳಿ, ಒಂದು ಲೆಕ್ಕ ಹಾಕುತ್ತೇನೆ. ಒಂದು ಎಕರೆ ಎಂದರೆ ಸುಮಾರು ೪,೦೪೭ ಚದರ ಮೀಟರ್. ಅದರ ಮೇಲೆ ೧೦೦ ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಸಿಮೆಂಟು, ಡಾಂಬರು ಹಾಕಿದ ಊರಿನಲ್ಲಿ ಅದರ ಬಹುಪಾಲು ಮೋರಿಗೇ ಬರುತ್ತದೆ. ಈಗ ಕಾಲುವೆಯ ಪಕ್ಕದಲ್ಲಿ ಒಂದು ಎಕರೆ ತಗ್ಗುಬಯಲನ್ನು ಬಿಟ್ಟು, ಅದರಲ್ಲಿ ಮೂರಡಿ ನೀರು ನಿಲ್ಲುವಂತೆ ಮಾಡಿದಿರೆನ್ನಿ. ಅದು ೩೭ ಲಕ್ಷ ಲೀಟರ್ ಹಿಡಿಯುತ್ತದೆ. ಅಂದರೆ ಒಂಬತ್ತು ಎಕರೆಯ ಮಳೆಯನ್ನು ಒಂದು ಎಕರೆ ತಡೆದು ನಿಲ್ಲಿಸಿ, ಮರುದಿನ ಮೆಲ್ಲಗೆ ಬಿಡುತ್ತದೆ. ಇದೇ ನೀರನ್ನು ೬,೦೦೦ ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ ಆರುನೂರಕ್ಕೂ ಹೆಚ್ಚು ಲೋಡು. ೨೦೨೪ರ ಬೇಸಿಗೆಯಲ್ಲಿ ಟ್ಯಾಂಕರಿನವನು ಹೇಳಿದ ಬೆಲೆಗೆ ಕೈಮುಗಿದು ನೀರು ಕೊಂಡವರು ಈ ಲೆಕ್ಕವನ್ನು ಇನ್ನೊಮ್ಮೆ ನೋಡಲಿ. ಸೆಪ್ಟೆಂಬರಿನಲ್ಲಿ ನೀರು ಹೆಚ್ಚಾಯಿತೆಂದು ಅಳುವುದು, ಮಾರ್ಚಿಯಲ್ಲಿ ಇಲ್ಲವೆಂದು ಅಳುವುದು, ಇವೆರಡೂ ಒಂದೇ ರೋಗ.

ಇನ್ನು ಮೀನಿನ ಮಾತು. ಮನುಷ್ಯರಿಗೇ ಜಾಗವಿಲ್ಲದಾಗ ಮೀನಿಗೆ ಜಾಗ ಕೇಳುತ್ತಾನಲ್ಲ ಎಂದು ಗೆಳೆಯರೊಬ್ಬರು ಪಕ್ಷದ ಕಛೇರಿಯಲ್ಲಿ ಹಾಸ್ಯ ಮಾಡಿದರು. ಮಲೆನಾಡಿನವರಿಗೆ ಈ ವಿಷಯ ಹೇಳಬೇಕಾಗಿಲ್ಲ. ಸಾಗರ, ಹೊಸನಗರದ ಕಡೆ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ, ಕೆರೆಗಳ ಮೀನು ಸೆಳವಿಗೆ ಎದುರಾಗಿ ಗದ್ದೆಗೆ ಹತ್ತಿ ಬರುತ್ತದೆ. ಹತ್ತುಮೀನು ಎಂದೇ ಅದಕ್ಕೆ ಹೆಸರು. ತೆಳ್ಳಗಿನ, ಬೆಚ್ಚಗಿನ, ಹುಳುಹುಪ್ಪಟೆ ತುಂಬಿದ ಗದ್ದೆನೀರಿನಲ್ಲಿ ಮೊಟ್ಟೆಯಿಟ್ಟರೆ ಮರಿ ಬದುಕುತ್ತದೆ. ಹೊಳೆಯ ಸೆಳವಿನಲ್ಲಿ ಇಟ್ಟರೆ ಕೊಚ್ಚಿಹೋಗುತ್ತದೆ. ಜನ ರಾತ್ರಿ ದೀಪ ಹಿಡಿದು ಅದನ್ನು ಕಡಿಯಲು ಹೋಗುತ್ತಾರೆ. ಬಸುರಿ ಮೀನನ್ನು ಕಡಿಯುವುದು ಒಳ್ಳೆಯದಲ್ಲ, ಆ ಮಾತು ಬೇರೆ. ನೆರೆಬಯಲು ಮೀನಿನ ಹೆರಿಗೆಮನೆ ಎಂಬುದನ್ನು ನಮ್ಮ ರೈತ ಯಾವ ವಿಜ್ಞಾನದ ಪುಸ್ತಕವನ್ನೂ ಓದದೆ ತಿಳಿದುಕೊಂಡಿದ್ದಾನೆ. ಕಾವೇರಿಯ ಬಿಳಿಮೀನೂ ಹೊಸನೀರು ಬಂದಾಗ ಮೇಲಕ್ಕೆ ಏರುವ ಜಾತಿಯೇ. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ೧೨೦ ಪೌಂಡಿನ ಮೀನು ಹಿಡಿದದ್ದು ಇಂದಿಗೂ ದಾಖಲೆ. ಆ ಡುಬ್ಬದ ಬಿಳಿಮೀನನ್ನು ಅಳಿವಿನ ಅಂಚಿನಲ್ಲಿದೆಯೆಂದು ೨೦೧೮ರಲ್ಲಿ ಲೋಕದ ವಿಜ್ಞಾನಿಗಳು ಪಟ್ಟಿಗೆ ಸೇರಿಸಿದರು. ಬಸವನಗುಡಿಯ ಬಚ್ಚಲಿನ ನೀರು ಯಾವ ಕಾವೇರಿಗೆ ಹೋಗುತ್ತದೆಯೋ ಆ ಕಾವೇರಿಯ ಮೀನು ಅದು. ನಡುವೆ ಬಿಡದಿಯ ಹತ್ತಿರ ಬೈರಮಂಗಲದ ಕೆರೆಯಿದೆ. ಬೇಸಾಯಕ್ಕೆಂದು ಕಟ್ಟಿದ ಆ ಕೆರೆಗೆ ನಾವು ಕಳಿಸುತ್ತಿರುವುದು ಏನೆಂದು ಅಲ್ಲಿಯ ರೈತರನ್ನು ಕೇಳಿ.

ಇಲ್ಲಿ ಹಲಸೂರು ಕೆರೆಯಲ್ಲಿ ೨೦೧೬ರ ಮಾರ್ಚಿಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆಗೂ ಹುಲ್ಲಿಗೂ ಬೆಂಕಿಯೇ ಬಿತ್ತು, ಅದೂ ಒಂದು ಸಲವಲ್ಲ. ಮೀನು ಬದುಕದ ನೀರಿನ ಪಕ್ಕದಲ್ಲಿ ಬಡವರ ಮಕ್ಕಳು ಬದುಕಬೇಕಾಗಿದೆ. ಮೀನಿನ ಪ್ರಶ್ನೆ ಬಿಡುವಿದ್ದವರ ಪ್ರಶ್ನೆಯಲ್ಲ. ಕೊಳಾಯಿಗೆ ಕಟ್ಟುವ ಪರೀಕ್ಷಾಯಂತ್ರ ನಮ್ಮ ಬಳಿಯಿಲ್ಲ. ಮೀನೇ ನಮ್ಮ ಯಂತ್ರ. ಊರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಕೊಳಚೆಯನ್ನು ಶುದ್ಧಿಮಾಡಿ, ಜೊಂಡಿನ ತಗ್ಗಿನಲ್ಲಿ ಹಾಯಿಸಿ, ಕೆರೆಗೆ ಬಿಟ್ಟರು. ಅಲ್ಲಿ ಮೀನುಗಾರರು ಬಲೆ ಬೀಸುವುದನ್ನು ಹೋಗಿ ನೋಡಬಹುದು. ಆಗದ ಕೆಲಸವಲ್ಲ.

ಅಮೆರಿಕದಲ್ಲಿ ಸಾಲ್ಮನ್ ಎಂಬ ಮೀನಿದೆ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಹಿಂತಿರುಗುತ್ತದೆ. ನೆರೆ ತಡೆಯುವುದಕ್ಕೆಂದು ಅವರೂ ಹೊಳೆಯ ಇಕ್ಕೆಲಗಳಲ್ಲಿ ಏರಿ ಕಟ್ಟಿ ಬಯಲನ್ನು ಬೇರ್ಪಡಿಸಿದ್ದರು. ಏರಿ ಎತ್ತರವಾದಷ್ಟೂ ನೆರೆಯೂ ಎತ್ತರವಾಯಿತು, ಮೀನೂ ಕಡಿಮೆಯಾಯಿತು. ಈಗ ಅನೇಕ ಕಡೆ ಏರಿಯನ್ನು ಹೊಳೆಯಿಂದ ದೂರ ಸರಿಸಿ, ಹಳೆಯ ಕವಲುಗಳನ್ನು ಬಿಡಿಸುತ್ತಿದ್ದಾರೆ. ಕ್ಲಾಮತ್ ಎಂಬ ನದಿಯ ನಾಲ್ಕು ಅಣೆಕಟ್ಟುಗಳನ್ನು ಒಡೆದು ಮುಗಿಸಿದ್ದು ೨೦೨೪ರಲ್ಲಿ. ಕೆಲವೇ ವಾರಗಳಲ್ಲಿ ಮೀನು ಮೇಲಕ್ಕೆ ಹತ್ತಿತು. ಆದರೆ ನಮ್ಮವರಿಗೆ ಹೆಚ್ಚು ಉಪಯೋಗದ ಉದಾಹರಣೆ ಕ್ಯಾಲಿಫೋರ್ನಿಯದ ಯೋಲೋ ಎಂಬ ಬಯಲಿನದು. ಸ್ಯಾಕ್ರಮೆಂಟೋ ನಗರ ಮುಳುಗಬಾರದೆಂದು, ಹೊಳೆ ಉಕ್ಕಿದಾಗ ನೀರನ್ನು ಸುಮಾರು ೫೯,೦೦೦ ಎಕರೆಯ ಆ ಬಯಲಿಗೆ ತಿರುಗಿಸುತ್ತಾರೆ. ಅದರ ಬಹುಭಾಗ ರೈತರ ಜಮೀನೇ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ. ಮುಳುಗಿಸುವ ಹಕ್ಕನ್ನು ಮಾತ್ರ ಪಡೆದುಕೊಂಡಿತು. ಬೇಸಿಗೆಯಲ್ಲಿ ರೈತ ಭತ್ತ ಬೆಳೆಯುತ್ತಾನೆ, ಚಳಿಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಆ ಗದ್ದೆನೀರಿನಲ್ಲಿ ಬೆಳೆದ ಸಾಲ್ಮನ್ ಮರಿ ಹೊಳೆಯಲ್ಲಿ ಬೆಳೆದದ್ದಕ್ಕಿಂತ ದಪ್ಪನಾಗಿರುವುದನ್ನು ಅಲ್ಲಿಯ ವಿಜ್ಞಾನಿಗಳು ತೂಗಿ ನೋಡಿದ್ದಾರೆ. ನಮ್ಮ ಹತ್ತುಮೀನಿನ ಕಥೆಯೇ ಅಲ್ಲವೇ?

ಹಾಲೆಂಡಿನವರು ಏರಿ ಕಟ್ಟುವುದರಲ್ಲಿ ಲೋಕಪ್ರಸಿದ್ಧರು. ೧೯೯೫ರ ನೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾದ ಮೇಲೆ ಅವರಿಗೂ ಏರಿಯ ಮೇಲಿನ ನಂಬಿಕೆ ಅಲುಗಿತು. ನೈಮೇಗನ್ ಪಟ್ಟಣದಲ್ಲಿ ಏರಿಯನ್ನು ೩೫೦ ಮೀಟರ್ ಹಿಂದಕ್ಕೆ ಸರಿಸಿ ಹೊಳೆಗೆ ಜಾಗ ಬಿಟ್ಟರು. ಅದಕ್ಕಾಗಿ ಸುಮಾರು ಐವತ್ತು ಮನೆಗಳು ಹೋದವು.

ಆ ಐವತ್ತು ಮನೆಯಲ್ಲೇ ವಿಷಯದ ಮರ್ಮವಿದೆ. ಹೊಳೆಗೆ ಜಾಗ ಕೊಡುವುದೆಂದರೆ ಯಾರಿಂದಲೋ ಜಾಗ ತೆಗೆದುಕೊಳ್ಳುವುದು. ಯಾರಿಂದ? ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ೨೦೦೩ರಿಂದ ೨೦೦೫ರವರೆಗೆ ಮೇಲ್ಸೇತುವೆಯ ರಸ್ತೆಯೊಂದನ್ನೇ ಕಿತ್ತುಹಾಕಿ, ಅದರಡಿ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ಎಂಬ ಹಳ್ಳವನ್ನು ಹೊರತೆಗೆದರು. ನಮ್ಮ ಅಧಿಕಾರಿಗಳು ಮಾತೆತ್ತಿದರೆ ಅದನ್ನು ಹೊಗಳುತ್ತಾರೆ. ಅಲ್ಲಿ ಹರಿಯುವ ನೀರಿನ ಬಹುಭಾಗವನ್ನು ಪಂಪಿನಿಂದ ಎತ್ತಿ ಬಿಡುತ್ತಾರೆಂಬುದನ್ನೂ, ರಸ್ತೆಯ ಕೆಳಗೆ ವ್ಯಾಪಾರ ಮಾಡುತ್ತಿದ್ದ ಬೀದಿವ್ಯಾಪಾರಿಗಳನ್ನು ಎಬ್ಬಿಸಿ ಹಳೆಯ ಕ್ರೀಡಾಂಗಣವೊಂದಕ್ಕೆ ಕಳಿಸಿ, ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಒಡೆದು ಅವರನ್ನು ಮತ್ತೆ ಎಬ್ಬಿಸಿದರೆಂಬುದನ್ನೂ ಹೇಳುವುದಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು, ಕಲಾಸಿಪಾಳ್ಯದ ಗಾಡಿಯವರು ಇದನ್ನು ತಿಳಿದಿರುವುದು ಒಳ್ಳೆಯದು. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಹೋಗುವ ಕೆ-೧೦೦ ಎಂಬ ರಾಜಕಾಲುವೆಯನ್ನು ಸುಮಾರು ೧೭೫ ಕೋಟಿ ರೂಪಾಯಿ ಖರ್ಚಿನಲ್ಲಿ ಸರಿಪಡಿಸುವ ಕೆಲಸವನ್ನು ೨೦೨೧ರಲ್ಲಿ ಕೈಗೊಂಡರು. ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದು, ದಂಡೆಯಲ್ಲಿ ಕಾಲುದಾರಿ ಮಾಡುವುದು, ಇವೆಲ್ಲ ಒಳ್ಳೆಯದೇ. ನಾನು ಅದನ್ನು ಹಳಿಯುವುದಿಲ್ಲ. ಆದರೆ ಕಾಲುವೆಯ ಅಗಲ ಗೋಡೆಗಳ ನಡುವೆ ಇದ್ದಷ್ಟೇ ಇರುತ್ತದೆ. ಬಾಗಿಲಿಗೆ ತೋರಣ ಕಟ್ಟಿದ ಮಾತ್ರಕ್ಕೆ ಮನೆ ದೊಡ್ಡದಾಗುವುದಿಲ್ಲ.

ಕಾನೂನಿಲ್ಲವೇ? ಬೇಕಾದಷ್ಟಿದೆ. ಹಳ್ಳ, ಕಾಲುದಾರಿ, ಸ್ಮಶಾನ ಮುಂತಾಗಿ ಸಾರ್ವಜನಿಕರ ಉಪಯೋಗದ ಜಮೀನನ್ನು ಕಂದಾಯದ ನಿಯಮಗಳಲ್ಲಿ 'ಬ' ಖರಾಬು ಎಂದು ಕರೆದು, ಯಾರಿಗೂ ಸೇರದೆಂದು ಬರೆದಿಟ್ಟಿದ್ದಾರೆ. ಅಂದರೆ ಹಳ್ಳಕ್ಕೂ ಪಹಣಿ ಇದೆ ಎಂದಾಯಿತು. ೧೯೮೫ರಲ್ಲಿ ಲಕ್ಷ್ಮಣರಾವ್ ಸಮಿತಿ ನೇಮಕವಾಗಿ ಕೆರೆ ಒಡೆಯಕೂಡದೆಂದು ಹೇಳಿತು. ಕೆರೆಯಿಂದ ೩೦ ಮೀಟರ್, ದೊಡ್ಡ ಕಾಲುವೆಯ ನಡುವಿನಿಂದ ೫೦ ಮೀಟರ್ ಜಾಗ ಬಿಡಬೇಕೆಂದು ೨೦೧೫ರ ನಗರಯೋಜನೆ ವಿಧಿಸಿತು. ಹಸಿರು ನ್ಯಾಯಮಂಡಳಿ ೨೦೧೬ರ ಮೇ ತಿಂಗಳಲ್ಲಿ ಕೆರೆಯ ಅಂಚನ್ನು ೭೫ ಮೀಟರಿಗೆ ಏರಿಸಿತು. ಕಟ್ಟಡದ ಧಣಿಗಳೂ ಸರ್ಕಾರವೂ ಮೇಲಿನ ಕೋರ್ಟಿಗೆ ಹೋಗಿ, ೨೦೧೯ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ೨೦೨೫ರಲ್ಲಿ ನಮ್ಮ ಶಾಸಕರು ಸಣ್ಣ ಕೆರೆಗಳ ಅಂಚನ್ನು ಇನ್ನೂ ಇಳಿಸುವ ಮಸೂದೆಗೆ ಕೈಯೆತ್ತಿದರು. ನೀರಿಗೆ ಮತದಾನದ ಹಕ್ಕಿಲ್ಲವಷ್ಟೆ.

ಅದೇ ೨೦೨೫ರಲ್ಲಿ ಬೃಹತ್ ಪಾಲಿಕೆಯನ್ನು ಒಡೆದು ಐದು ಪಾಲಿಕೆ ಮಾಡಿದ್ದಾರೆ. ಮೇಲಿನ ಪಾಲಿಕೆ ತನ್ನ ನೀರನ್ನು ಬೇಗ ಸಾಗಿಸಿಕೊಂಡರೆ ಕೆಳಗಿನ ಪಾಲಿಕೆಯ ಜನ ಮುಳುಗುತ್ತಾರೆ. ನನ್ನ ಚಪ್ಪಡಿ ಅರ್ಜಿಯ ಕಥೆಯೇ, ಅಳತೆ ಮಾತ್ರ ದೊಡ್ಡದು.

೨೦೨೨ರ ನೆರೆಯಾದ ಮೇಲೆ ಬುಲ್ಡೋಜರುಗಳು ಹೊರಟವು. ಎಲ್ಲಿ ಗುಡಿಸಲು, ಸಣ್ಣ ಮನೆ, ತಗಡಿನ ಅಂಗಡಿ ಇತ್ತೋ ಅಲ್ಲಿ ಬೆಳಗಿನ ಕಾಫಿಗೆ ಮುಂಚೆ ಕೆಲಸ ಮುಗಿಯಿತು. ದೊಡ್ಡ ಗೋಡೆಗಳ ಹತ್ತಿರ ಬಂದಾಗ ಅಳತೆ ಮತ್ತೊಮ್ಮೆ ಆಗಬೇಕೆಂಬ ಮಾತು ಬಂತು, ತಡೆಯಾಜ್ಞೆಗಳು ಬಂದವು. ನೆರೆಬಯಲನ್ನು ಮತ್ತೆ ಮಾಡುವುದೆಂದರೆ ಹೀಗೆ ಮಾಡುವುದಾದರೆ ನಾನೇ ಬುಲ್ಡೋಜರಿನ ಮುಂದೆ ಮಲಗುತ್ತೇನೆ.

ಮತ್ತೆ ಜಾಗ ಎಲ್ಲಿಂದ ತರಬೇಕು? ಮೊದಲು ಸರ್ಕಾರ ತನ್ನದನ್ನು ಬಿಡಲಿ. ಮೆಜೆಸ್ಟಿಕ್ ನಿಲ್ದಾಣವನ್ನು ಕಿತ್ತು ಕೆರೆ ಮಾಡಿರೆಂದು ಹೇಳುವ ಹುಚ್ಚು ನನಗಿಲ್ಲ. ಆದರೆ ಈ ತಗ್ಗುಗಳ ಉದ್ದಕ್ಕೂ ಆಟದ ಮೈದಾನಗಳು, ಉದ್ಯಾನಗಳು, ಇಲಾಖೆಗಳ ಖಾಲಿ ಆವರಣಗಳಿವೆ. ಅವನ್ನು ಮೂರಡಿ ತಗ್ಗಿಸಿ, ಕಾಲುವೆಯ ಗೋಡೆಯನ್ನು ಅಲ್ಲಲ್ಲಿ ತೆರೆದುಬಿಟ್ಟರೆ ವರ್ಷದಲ್ಲಿ ಹತ್ತು ದಿನ ಅಲ್ಲಿ ನೀರು, ಮಿಕ್ಕ ದಿನ ಹುಡುಗರ ಕ್ರ್ಯಾಕೆಟ್ ಚೆಂಡು. ಮಳೆಯ ದಿನ ಹೇಗೂ ಯಾರೂ ಆಡುವುದಿಲ್ಲ. ಇನ್ನು ಗಿರಣಿಯ ಜಮೀನುಗಳು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ನಿಂತಿದೆ, ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳಿವೆ. ಸೈರನ್ ಕೂಗಿಗೆ ಎದ್ದು ಓಡುತ್ತಿದ್ದ ಹಿರಿಯ ಕಾರ್ಮಿಕರು ಇದನ್ನು ಓದುತ್ತಿದ್ದರೆ ಅವರಿಗೆ ಗೊತ್ತು, ಆ ಆವರಣಗಳಲ್ಲಿ ಎಷ್ಟು ಬಯಲು ಇತ್ತೆಂದು. ಗಿರಣಿ ಮುಚ್ಚಿ ಕಾರ್ಮಿಕರು ಬೀದಿಗೆ ಬಿದ್ದಾಗ, ಊರಿನ ನಡುವೆ ಅಷ್ಟು ಜಮೀನು ಮತ್ತೆ ಸಿಕ್ಕದೆಂದು ತಿಳಿದೂ, ಇದರಲ್ಲಿ ನಾಲ್ಕು ಎಕರೆ ನೀರಿಗೆ ಬಿಡಿ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ನಮಗೆ ಆಗ ಬಾಕಿ ಸಂಬಳದ ಚಿಂತೆಯಾಗಿತ್ತು. ಇನ್ನು ಮುಂದೆ ಮುಚ್ಚುವ ಕಾರ್ಖಾನೆಗಳ ಜಮೀನಿನ ಮಾತು ಬಂದಾಗ ಸಂಬಳದ ಜೊತೆಗೆ ಇದನ್ನೂ ಸಂಘಗಳು ಕೇಳಬೇಕು.

ಕಾಲುವೆಯ ಅಂಚಿನ ಬಡವರನ್ನು ಎಬ್ಬಿಸಲೇಬೇಕಾದ ಕಡೆ, ಅದೇ ವಾರ್ಡಿನಲ್ಲಿ ಮನೆಯ ಬೀಗದಕೈ ಅವರ ಕೈಗೆ ಬಂದ ಮೇಲೆ ಎಬ್ಬಿಸಲಿ. ಊರ ಹೊರಗೆ ಒಯ್ದು ಸುರಿದರೆ ಗಾರ್ಮೆಂಟ್ ಕೆಲಸದ ಹೆಣ್ಣುಮಗಳ ಸಂಬಳ ಬಸ್ಸಿಗೇ ಹೋಗುತ್ತದೆ. ಬೀದಿವ್ಯಾಪಾರಿಗಳಿಗೆ ೨೦೧೪ರ ಕಾಯಿದೆಯಿದೆ. ಮೂವತ್ತು ದಿನದ ನೋಟೀಸಿಲ್ಲದೆ ಗಾಡಿ ಮುಟ್ಟಕೂಡದು. ಅದನ್ನು ಓದಿ ಇಟ್ಟುಕೊಳ್ಳಿ. ಮುಚ್ಚಿದ ಮೋರಿಯ ಬಗ್ಗೆ ಇನ್ನೊಂದು ಮಾತು. ಚಪ್ಪಡಿಯ ಕೆಳಗಿನ ಹೂಳನ್ನು ತೆಗೆಯಲು ಯಾರನ್ನು ಇಳಿಸುತ್ತಾರೆಂದು ಸಹಿ ಹಾಕುವಾಗ ನಾವು ಯೋಚಿಸಿದ್ದೆವೆಯೇ? ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧ. ತೆರೆದ ಕಾಲುವೆಯಾದರೆ ದಂಡೆಯ ಮೇಲೆ ನಿಂತು ಯಂತ್ರದಿಂದ ತೆಗೆಯಬಹುದು. ತಗ್ಗುಬಯಲಿದ್ದರೆ ಹೂಳಿನ ಬಹುಪಾಲು ಅಲ್ಲೇ ನಿಲ್ಲುತ್ತದೆ. ಹಳೆಯ ನೀರುಗಂಟಿಯ ಹಾಗೆ ಪ್ರತಿಯೊಂದು ತಗ್ಗಿಗೂ ಸಂಬಳದ ಆಳನ್ನು, ಗುತ್ತಿಗೆಯಲ್ಲಲ್ಲ, ಕಾಯಮ್ಮಾಗಿ, ನೇಮಿಸಬೇಕು.

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಸಭೆ ಕರೆದಿದ್ದೆ. ಚಪ್ಪಡಿ ತೆಗೆಸಿ, ಮೋರಿಯ ಪಕ್ಕದ ಖಾಲಿ ಆವರಣವನ್ನು ತಗ್ಗಿಸಿ ನೀರಿಗೆ ಬಿಡಬೇಕೆಂದು ಹೊಸ ಅರ್ಜಿ ಓದಿದೆ. ಪಂಕ್ಚರ್ ಅಂಗಡಿಯವನು ಎದ್ದು, "ಮೇಷ್ಟ್ರೇ, ಅಂದು ನೀವೇ ಕೂಡಿಸಿದಿರಿ, ಇಂದು ನೀವೇ ಎಬ್ಬಿಸುತ್ತೀರಾ?" ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದ, ಅವನಿಗೂ ಎರಡು ತರಕಾರಿ ಗಾಡಿಗಳಿಗೂ ಅದೇ ರಸ್ತೆಯಲ್ಲಿ ಜಾಗ ಗುರುತಿಸಿ ಬರವಣಿಗೆಯಲ್ಲಿ ಕೊಡುವವರೆಗೆ ಒಂದು ಚಪ್ಪಡಿಯನ್ನೂ ಎತ್ತಕೂಡದೆಂಬ ಸಾಲನ್ನು ಅರ್ಜಿಯ ಮೊದಲಿಗೇ ಸೇರಿಸಿದ್ದೇನೆ. ಇದುವರೆಗೆ ಹತ್ತೊಂಬತ್ತು ಸಹಿಗಳಾಗಿವೆ. ಹದಿನಾಲ್ಕು ಕೆಳಗಿನ ಸಾಲಿನವರದು. ಪಂಕ್ಚರ್ ಅಂಗಡಿಯವನು ಇನ್ನೂ ಹಾಕಿಲ್ಲ. ಕಾಗದವನ್ನು ಎರಡು ದಿನ ಇಟ್ಟುಕೊಂಡು, ಮಗಳ ಕೈಯಲ್ಲಿ ಓದಿಸಿ, ವಾಪಸು ಕೊಟ್ಟು, ಆ ಜಾಗವನ್ನು ಮೊದಲು ತೋರಿಸಿ ಎಂದಿದ್ದಾನೆ. ಈ ಭಾನುವಾರ ಅವನೊಂದಿಗೆ ಹೋಗಿ ನೋಡಿ ಬರುವುದೆಂದಾಗಿದೆ.